ಬೂದಿ, ಸೋಡಾ ಮತ್ತು ಲೆಬ್ಲಾಂ

ಅಜ್ಜಿ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಳಲ್ಲ, ಜಿಡ್ಡು ಬಿಡಿಸುತ್ತಿದ್ದುದು ಅದರೊಳಗಿನ ಕ್ಷಾರ. ‘ಆಲ್ಕಲಿ’ಗೆ ಮೂಲವಾದ ಅರಬ್ಬಿ ಪದದ ಅರ್ಥವೂ ಗಿಡದ ಬೂದಿ ಅಂತಲೇ. ಯುರೋಪಿನಲ್ಲಿ ಸೋಪು ಮಾಡುವವರು ಕಡಲತೀರದ ಗಿಡಗಳ ಬೂದಿಯಿಂದ ಸೋಡಾ ತೆಗೆದು, ಸುಣ್ಣ ಬೆರೆಸಿ ಕಾಸ್ಟಿಕ್ ಮಾಡಿಕೊಳ್ಳುತ್ತಿದ್ದರು. ಎಣ್ಣೆಯನ್ನು ಸೋಪಾಗಿಸುವ ಈ ಕಾಸ್ಟಿಕ್ ಕೈಗೆ ತಾಗಿದರೆ ಚರ್ಮವನ್ನೂ ಬಿಡಲ್ಲ. ಅದಕ್ಕೇ ಸೋಪು ಮಾಡೋರು ಈಗಲೂ ಅದನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕ್ತಾರೆ. ಅದರ ಮೇಲೇ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತೆ.

ಬೂದಿ ಸಾಲದಾದಾಗ, ಉಪ್ಪಿನಿಂದ ಸೋಡಾ ಮಾಡಿದವರಿಗೆ ಬಹುಮಾನ ಅಂತ ಫ್ರಾನ್ಸಿನಲ್ಲಿ ಸಾರಿದರು. ನಿಕೋಲಾ ಲೆಬ್ಲಾಂ ಮಾಡಿ ತೋರಿಸಿ 1791ರಲ್ಲಿ ಪೇಟೆಂಟ್ ಪಡೆದ. ಕ್ರಾಂತಿಯ ಸರ್ಕಾರ ಕಾರ್ಖಾನೆ ಕಿತ್ಕೊಂಡು, ಗುಟ್ಟನ್ನೂ ಬಯಲು ಮಾಡಿತು. ಬಹುಮಾನ ಬರಲೇ ಇಲ್ಲ. 1806ರಲ್ಲಿ ಆತ ತಾನೇ ಪ್ರಾಣ ಕಳೆದುಕೊಂಡ. ಆಮೇಲೆ ಅವನ ವಿಧಾನದಿಂದಲೇ ಸೋಡಾ ಅಗ್ಗವಾಗಿ, ಸೋಪು ಬಡವರ ಮನೆಗೂ ಬಂತು.