ಅಡ್ಡ ಬಂದ ಬೆನ್ನು: ಚರ್ಚಿನೊಳಗೆ ಕ್ಯಾಮೆರಾ ಹೊಕ್ಕ ಕಥೆ

ಎರಡು ವರ್ಷದ ಹಿಂದಿನ ಮಾತು. ಕ್ರಿಸ್ಮಸ್ ರಜೆಗೆ ಕಾಲೇಜಿನ ಗೆಳೆಯನೊಬ್ಬನ ಊರಿಗೆ ಹೋಗಿದ್ದೆ. ಮಂಗಳೂರಿನಿಂದ ಒಂದು ಗಂಟೆ ದಾರಿ. ಅಡಿಕೆ ತೋಟದ ನಡುವೆ ಮನೆ, ತೋಟ ದಾಟಿದರೆ ಅವರ ಇಗರ್ಜಿ (ನಾವು ಚರ್ಚ್ ಅನ್ನೋದನ್ನ ಅಲ್ಲಿ ಹಾಗಂತಾರೆ). 2020ರಲ್ಲಿ ಲಾಕ್‌ಡೌನ್ ಆಗಿ ಇಗರ್ಜಿಯ ಬಾಗಿಲು ಹಾಕಿದಾಗ ಊರಿನ ಹುಡುಗರು ಸೇರಿ ಬಲಿಪೂಜೆಯನ್ನ ಯೂಟ್ಯೂಬ್‌ನಲ್ಲಿ ಲೈವ್ ಕೊಡೋಕೆ ಶುರು ಮಾಡಿದ್ದರಂತೆ. ಬಾಗಿಲು ತೆರೆದ ಮೇಲೂ ಅದು ನಿಲ್ಲಲಿಲ್ಲ. ಮನೆಯಲ್ಲೇ ಉಳಿದ ವಯಸ್ಸಾದವರು ನಿಲ್ಲಿಸೋಕೆ ಬಿಡಲಿಲ್ಲ.

ಆ ರಾತ್ರಿ ಲ್ಯಾಪ್‌ಟಾಪ್ ನೋಡಿಕೊಳ್ಳೋ ಹುಡುಗನಿಗೆ ಜ್ವರ. "ನೀನು ಸಾಫ್ಟ್‌ವೇರ್ ಅಲ್ವಾ ಮಾರಾಯ, ಬಾ" ಅಂತ ನನ್ನನ್ನೇ ಕೂರಿಸಿದರು. ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಪ್ರಿಂಟರ್‌ನಿಂದ ರಾಕೆಟ್ ತನಕ ಎಲ್ಲ ಬರುತ್ತೆ ಅನ್ನೋ ನಂಬಿಕೆ ನಮ್ಮ ದೇಶದಲ್ಲಿ ಇದ್ದೇ ಇದೆಯಲ್ಲ :)

ಎಲ್ಲ ಚೆನ್ನಾಗೇ ನಡೀತಿತ್ತು. ಅರ್ಧ ಪೂಜೆ ಆದ ಮೇಲೆ ಇದ್ದಕ್ಕಿದ್ದಂತೆ ಲೈವ್‌ನಲ್ಲಿ ಧ್ವನಿ ಹೋಯ್ತು. ಮುಂದೆ ಇದ್ದ ಮಿಕ್ಸರ್‌ನ ವೈರು ಸಡಿಲವಾಗಿತ್ತು. ಬಗ್ಗಿಕೊಂಡು ಓಡಿ ಹೋಗಿ ಸಿಕ್ಕಿಸಿ ವಾಪಸ್ ಬಂದೆ. ಇಪ್ಪತ್ತು ಸೆಕೆಂಡಿನ ಕೆಲಸ. ಆಫೀಸಿನಲ್ಲಿ ಇಷ್ಟು ಬೇಗ ಒಂದು ಬಗ್ ಸರಿ ಮಾಡಿದ್ದಿದ್ದರೆ ಎಲ್ಲರಿಗೂ ಮೇಲ್ ಕಳಿಸಿ ಹೊಗಳುತ್ತಿದ್ದರು, ಅಂತ ಒಳಗೊಳಗೇ ಬೀಗಿದೆ.

ಮನೆಗೆ ಬಂದರೆ ಗೆಳೆಯನ ಅಜ್ಜಿ ಮಂಚದ ಮೇಲೆ ಟಿವಿ ಎದುರು ಕೂತಿದ್ದರು. ಸೊಂಟ ಮುರಿದ ಮೇಲೆ ಅವರು ತೋಟ ದಾಟಿಲ್ಲ. ಹೇಗಿತ್ತು ಅಜ್ಜಿ ಅಂದೆ. "ಎಲ್ಲ ಲಾಯ್ಕ ಕಾಣ್ತಾ ಇತ್ತು ಮಗಾ. ಆದ್ರೆ ಫಾದರ್ ಒಸ್ತಿ ಎತ್ತುವಾಗ ನಿನ್ನ ಬೆನ್ನು ಅಡ್ಡ ಬಂತು."

ಒಸ್ತಿ ಅಂದ್ರೆ ಪೂಜೆಯಲ್ಲಿ ಪಾದ್ರಿ ಎತ್ತಿ ತೋರಿಸುವ ಗೋಧಿಯ ತೆಳು ರೊಟ್ಟಿ. ಇಡೀ ಪೂಜೆಯಲ್ಲಿ ಅಜ್ಜಿ ಕಾಯ್ತಾ ಇದ್ದದ್ದು ಆ ಒಂದು ಕ್ಷಣಕ್ಕೆ. ನಾನು ಧ್ವನಿ ತಂದುಕೊಟ್ಟೆ, ಅದನ್ನ ಕಿತ್ತುಕೊಂಡೆ. ಅವರ ಮಾತಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಬೆಂಗಳೂರಿಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ನನಗಿಂತ ಮುಂಚೆ ಈ ಕೆಲಸ ಮಾಡಿದವರು ಬೆನ್ನನ್ನ ಎಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದರು? ಹುಡುಕಿ ಓದುತ್ತಾ ಹೋದೆ. ನೂರು ವರ್ಷದ ಕಥೆಯೇ ಸಿಕ್ಕಿತು.

* * *

ಕಥೆ ರೇಡಿಯೋದಿಂದ ಶುರುವಾಗುತ್ತೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕೆಡಿಕೆಎ ಅನ್ನೋ ರೇಡಿಯೋ ಕೇಂದ್ರ 1920ರ ನವೆಂಬರ್ 2ರಂದು ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಹೇಳಿ ಹೆಸರು ಮಾಡಿತ್ತು. ಎರಡೇ ತಿಂಗಳಿಗೆ, 1921ರ ಜನವರಿ 2ರ ಭಾನುವಾರ, ಅದೇ ಊರಿನ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನಿಂದ ಪ್ರಾರ್ಥನೆಯನ್ನ ನೇರವಾಗಿ ಪ್ರಸಾರ ಮಾಡಿತು. ಚರ್ಚಿನೊಳಗೆ ಮೈಕು, ಅಲ್ಲಿಂದ ಟೆಲಿಫೋನ್ ತಂತಿಯಲ್ಲಿ ಕೇಂದ್ರಕ್ಕೆ. ಚರ್ಚಿನ ಪ್ರಾರ್ಥನೆಯ ಮೊದಲ ರೇಡಿಯೋ ಪ್ರಸಾರ ಅಂತ ಸಾಮಾನ್ಯವಾಗಿ ಗುರುತಿಸೋದು ಇದನ್ನೇ. ಮುಖ್ಯ ಪಾದ್ರಿಗೆ ಇದರಲ್ಲಿ ಅಷ್ಟೇನೂ ಉತ್ಸಾಹ ಇರಲಿಲ್ಲ, ಉಪದೇಶ ಕೊಡುವ ಕೆಲಸ ಕಿರಿಯ ಪಾದ್ರಿಯ ಪಾಲಿಗೆ ಬಂತು.

ನನಗೆ ಹಿಡಿಸಿದ್ದು ಅದಲ್ಲ. ಆ ದಿನ ಉಪಕರಣ ನೋಡಿಕೊಳ್ಳೋಕೆ ಇಬ್ಬರು ತಂತ್ರಜ್ಞರು ಚರ್ಚಿನೊಳಗೇ ಇರಬೇಕಿತ್ತು. ಭಕ್ತರ ಗಮನ ಅವರ ಕಡೆ ಹೋಗಬಾರದು ಅಂತ ಇಬ್ಬರಿಗೂ ಗಾಯಕವೃಂದದವರ ನಿಲುವಂಗಿ ತೊಡಿಸಿ ಕೂರಿಸಿದರಂತೆ. ಒಬ್ಬ ಕ್ಯಾಥೋಲಿಕ್, ಇನ್ನೊಬ್ಬ ಯಹೂದಿ. ಇಬ್ಬರದೂ ಆ ಪಂಥದ ಚರ್ಚಲ್ಲ! ಆದ್ರೂ ಹಾಡುಗಾರರ ವೇಷ ಹಾಕ್ಕೊಂಡು ಸುಮ್ಮನೆ ತಮ್ಮ ಕೆಲಸ ಮಾಡಿದರು. ಚರ್ಚಿನಿಂದ ಹೊರಾಂಗಣ ಪ್ರಸಾರ ಮಾಡುವವರಿಗೆ ಮೊದಲ ಪಾಠ ಮೊದಲ ದಿನವೇ ಗೊತ್ತಿತ್ತು: ಕಾಣಿಸಬೇಡ.

ಅಟ್ಲಾಂಟಿಕ್‌ನ ಆಚೆ ಇಂಗ್ಲೆಂಡಿನಲ್ಲಿ ಚಿಂತೆ ಬೇರೆ ಥರದ್ದು. 1923ರ ಏಪ್ರಿಲ್‌ನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಯಾರ್ಕ್ ಡ್ಯೂಕನ ಮದುವೆ. ಮುಂದೆ ಆರನೇ ಜಾರ್ಜ್ ಆದವನು ಇವನೇ. ಬಿಬಿಸಿ ಪ್ರಸಾರ ಮಾಡ್ತೀವಿ ಅಂತ ಕೇಳಿತು, ಅಬ್ಬೆಯವರು ಆಗಲ್ಲ ಅಂದರು. ಗಂಡಸರು ಹೆಂಡದಂಗಡಿಯಲ್ಲಿ ತಲೆ ಮೇಲೆ ಟೋಪಿ ಇಟ್ಟುಕೊಂಡೇ ಪ್ರಾರ್ಥನೆ ಕೇಳಿಬಿಟ್ಟರೆ? ಇದೇ ಭಯ ಅಂತ ಹೇಳ್ತಾರೆ. ನಗು ಬರುತ್ತೆ, ಆದ್ರೆ ಪ್ರಶ್ನೆ ಪೆದ್ದಲ್ಲ. ಚರ್ಚಿನೊಳಗೆ ಬಂದವನು ಹೇಗಿರಬೇಕು ಅಂತ ಹೇಳೋಕೆ ಅವರಿಗೆ ಹಕ್ಕಿತ್ತು. ಗೋಡೆ ದಾಟಿ ಹೋದ ಪ್ರಾರ್ಥನೆಗೆ ಯಾರು ಕಾವಲು?

ಒಂದು ವರ್ಷ ತುಂಬೋದರೊಳಗೆ, 1924ರ ಜನವರಿ 6ರಂದು, ಲಂಡನ್ನಿನ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚಿನ ಡಿಕ್ ಶೆಪರ್ಡ್ ಬಾಗಿಲು ತೆರೆದರು. ಬಿಬಿಸಿಯ ಮೊದಲ ನೇರ ಚರ್ಚ್ ಪ್ರಸಾರ ಅಲ್ಲಿಂದ ಆಯಿತು.

* * *

ಇನ್ನು ಟಿವಿ. ಧ್ವನಿಗಾದರೆ ಒಂದು ಮೈಕು ಸಾಕು, ಕಂಬದ ಹಿಂದೆ ಅಡಗಿಸಬಹುದು. ಕ್ಯಾಮೆರಾ ಹಾಗಲ್ಲ. ಆಗಿನದು ಭಾರೀ ಪೆಟ್ಟಿಗೆ, ಬೆರಳಿಗಿಂತ ದಪ್ಪನೆಯ ಕೇಬಲ್, ಬೇಕಾಬಿಟ್ಟಿ ಬೆಳಕು.

1937ರ ಮೇ 12ರಂದು ಆರನೇ ಜಾರ್ಜನ ಪಟ್ಟಾಭಿಷೇಕ. ಬಿಬಿಸಿ ಟಿವಿಗೆ ವಯಸ್ಸು ಆರು ತಿಂಗಳು. ಅಬ್ಬೆಯೊಳಗೆ ರೇಡಿಯೋಗೆ ಜಾಗ ಸಿಕ್ಕಿತು, ಸಿನಿಮಾ ಕ್ಯಾಮೆರಾಕ್ಕೂ ಸಿಕ್ಕಿತು, ಟಿವಿಗೆ ಮಾತ್ರ ಇಲ್ಲ. ಸಿನಿಮಾ ರೀಲನ್ನಾದರೆ ಆಮೇಲೆ ನೋಡಿ ಕತ್ತರಿಸಬಹುದು, ಲೈವ್‌ನಲ್ಲಿ ಕತ್ತರಿಗೆ ಜಾಗವೇ ಇಲ್ಲ. ಪಾಪ, ಟಿವಿಯವರು ಮೂರು ಕ್ಯಾಮೆರಾ ತಗೊಂಡು ಹೈಡ್ ಪಾರ್ಕ್ ಕಾರ್ನರ್‌ನಲ್ಲಿ ಮೆರವಣಿಗೆಗೆ ಕಾದರು. ಪಕ್ಕದಲ್ಲಿ ಹೊಸದಾಗಿ ಕಟ್ಟಿಸಿದ ನಿಯಂತ್ರಣ ವ್ಯಾನು. ಅಲ್ಲಿಂದ ಅಲೆಕ್ಸಾಂಡ್ರಾ ಪ್ಯಾಲೇಸ್‌ನ ಪ್ರಸಾರ ಕೇಂದ್ರಕ್ಕೆ ಸುಮಾರು 8 ಮೈಲಿ ಕೇಬಲ್. ಇವತ್ತು ಕ್ರಿಕೆಟ್ ಮೈದಾನದ ಹೊರಗೆ ನಿಲ್ಲೋ ಓಬಿ ವ್ಯಾನಿನ ಮುತ್ತಾತ ಅದು.

ಜರ್ಮನಿ ಜೊತೆ ಯುದ್ಧ ಇನ್ನೇನು ಶುರುವಾಗುತ್ತೆ ಅನ್ನುವಾಗ ಬಿಬಿಸಿ ಟಿವಿ ಬಾಗಿಲು ಹಾಕಿತು. ಅದು ಮುಚ್ಚಿದ್ದಾಗಲೇ ನ್ಯೂಯಾರ್ಕಿನ ಎನ್‌ಬಿಸಿ 1940ರ ಮಾರ್ಚ್ 24ರಂದು, ಈಸ್ಟರ್ ಹಬ್ಬದ ದಿನ, ಕ್ರೈಸ್ತ ಆರಾಧನೆಯನ್ನ ಟಿವಿಯಲ್ಲಿ ತೋರಿಸಿತ್ತು. ಯುದ್ಧ ಮುಗಿದ ಮೇಲೆ ಪ್ಯಾರಿಸ್‌ನ ಸರದಿ. 1948ರ ಡಿಸೆಂಬರ್ 24ರ ರಾತ್ರಿ ನೋತ್ರ್‌ದಾಮ್‌ನ ಮಧ್ಯರಾತ್ರಿಯ ಪೂಜೆ ಫ್ರೆಂಚ್ ಟಿವಿಯಲ್ಲಿ ನೇರವಾಗಿ ಬಂತು. ಇದರ ಹಿಂದೆ ಇದ್ದವರು ಡೊಮಿನಿಕನ್ ಸಭೆಯ ಫಾದರ್ ರೇಮಂಡ್ ಪಿಶಾರ್. ಮಾರನೇ ವರ್ಷ ಅವರು ಶುರು ಮಾಡಿದ ಭಾನುವಾರದ ಪೂಜೆಯ ಕಾರ್ಯಕ್ರಮ ಇವತ್ತಿಗೂ ಫ್ರಾನ್ಸಿನಲ್ಲಿ ಬರ್ತಾ ಇದೆ.

* * *

ದೊಡ್ಡ ಜಗಳ ನಡೆದದ್ದು ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ. ಪಟ್ಟಾಭಿಷೇಕ ಅಂದ್ರೆ ಬರೀ ಕಿರೀಟ ಇಡೋದಲ್ಲ, ಅದೊಂದು ಪೂರ್ತಿ ಕ್ರೈಸ್ತ ಆರಾಧನೆ. ಅದರ ನಡುವೆ ಪವಿತ್ರ ತೈಲ ಹಚ್ಚುವ ವಿಧಿ ಇದೆ, ಪರಮಪ್ರಸಾದ ಇದೆ. ಟಿವಿ ಬೇಡ ಅಂದವರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜೆಫ್ರಿ ಫಿಶರ್ ಇದ್ದರು, ಪ್ರಧಾನಿ ಚರ್ಚಿಲ್ ಕೂಡ ಇದ್ದರು. 1952ರ ಅಕ್ಟೋಬರ್‌ನಲ್ಲಿ ಪ್ರಕಟಣೆ ಬಂತು: ಅಬ್ಬೆಯೊಳಗಿನ ಅಡ್ಡಗೋಡೆಯ ಈಚೆ ಮಾತ್ರ ಟಿವಿ, ಆಚೆ ಇಲ್ಲ. ಅಂದ್ರೆ ಹೋಗೋದು ಬರೋದು ಕಾಣುತ್ತೆ, ಪಟ್ಟಾಭಿಷೇಕವೇ ಕಾಣಲ್ಲ. ಜನ ಸಿಟ್ಟಾದರು, ಪತ್ರಿಕೆಗಳು ಬೈದವು. ಡಿಸೆಂಬರ್‌ನಲ್ಲಿ ತೀರ್ಮಾನ ತಿರುಗಿತು. ಆದ್ರೆ ಷರತ್ತು ಹಾಕಿದರು: ಹತ್ತಿರದ ಮುಖ ಬೇಡ, ತೈಲದ ಹೊತ್ತಿನಲ್ಲಿ ಮತ್ತು ಪರಮಪ್ರಸಾದದ ಹೊತ್ತಿನಲ್ಲಿ ಕ್ಯಾಮೆರಾ ಬೇರೆ ಕಡೆ ನೋಡಬೇಕು.

ಅಬ್ಬೆಯೊಳಗಿನ ಪ್ರಸಾರದ ಹೊಣೆ ಹೊತ್ತವರು ಪೀಟರ್ ಡಿಮ್ಮಕ್. ಅವರೇ ಆಮೇಲೆ ಹೇಳಿಕೊಂಡ ಕಥೆ ಇದೆ. ಪರೀಕ್ಷೆ ದಿನ ದೊಡ್ಡವರಿಗೆ ತೋರಿಸುವಾಗ ಅಗಲ ನೋಟದ ಲೆನ್ಸ್ ಹಾಕಿದ್ದರಂತೆ, ಮನುಷ್ಯರು ಇರುವೆಯ ಹಾಗೆ ಕಂಡರು, ಎಲ್ಲರಿಗೂ ಸಮಾಧಾನ ಆಯ್ತು. 1953ರ ಜೂನ್ 2ರಂದು ಲೆನ್ಸ್ ಬೇರೆ ಇತ್ತು :) ರಾಣಿಯ ಮುಖ ಹತ್ತಿರದಿಂದ ಕಂಡಿತು, ಜನ ಅದನ್ನೇ ಮೆಚ್ಚಿದರು.

ಆದ್ರೆ ಅದೇ ಡಿಮ್ಮಕ್ ತೈಲದ ವಿಧಿಗೆ ಕೊಟ್ಟ ಮಾತು ಉಳಿಸಿಕೊಂಡರು. ಅಬ್ಬೆಯೊಳಗೆ 5 ಕ್ಯಾಮೆರಾ ಇದ್ದವು, ಬ್ರಿಟನ್ನಿನಲ್ಲೇ 2 ಕೋಟಿಗಿಂತ ಹೆಚ್ಚು ಜನ ನೋಡ್ತಾ ಇದ್ದರು. ಆ ಕ್ಷಣದಲ್ಲಿ ಯಾವ ಕ್ಯಾಮೆರಾವೂ ರಾಣಿಯ ಮೇಲಿರಲಿಲ್ಲ. 70 ವರ್ಷ ಆದ ಮೇಲೆ, 2023ರ ಮೇ 6ರಂದು, ಮೂರನೇ ಚಾರ್ಲ್ಸ್‌ನ ಪಟ್ಟಾಭಿಷೇಕದಲ್ಲೂ ಆ ವಿಧಿಯನ್ನ ಪರದೆಯ ಮರೆಯಲ್ಲೇ ಮಾಡಿದರು. ಕೈಯಲ್ಲಿರೋ ಫೋನು ಎಲ್ಲವನ್ನೂ ತೋರಿಸುವ ಈ ಕಾಲದಲ್ಲಿ! ಏನು ತೋರಿಸಬೇಕು ಅನ್ನೋದರ ಜೊತೆ ಏನು ತೋರಿಸಬಾರದು ಅನ್ನೋದೂ ಈ ಕೆಲಸದ ಭಾಗ. ಎರಡನೇ ಪಾಠ.

ಅಮೆರಿಕದವರು ಉಲ್ಟಾ ದಾರಿ ಹಿಡಿದರು. 1957ರ ಜೂನ್ 1ರಿಂದ ಬಿಲ್ಲಿ ಗ್ರಹಾಂ ಅವರ ಸಭೆಗಳು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಿಂದ ಶನಿವಾರ ರಾತ್ರಿ ಎಬಿಸಿಯಲ್ಲಿ ಲೈವ್ ಬಂದವು. ಅದು ಆಟದ ಅಖಾಡ, ಕ್ಯಾಮೆರಾ ಅಲ್ಲಿ ಹಳೇ ನೆಂಟ. ಮಾರನೇ ವರ್ಷ ಓಹಾಯೋದ ಏಕ್ರನ್ ಬಳಿ ರೆಕ್ಸ್ ಹಂಬಾರ್ಡ್ ಅನ್ನೋ ಬೋಧಕರು ಟಿವಿಯನ್ನ ಮನಸ್ಸಲ್ಲಿಟ್ಟುಕೊಂಡೇ ಒಂದು ದೊಡ್ಡ ಚರ್ಚು ಕಟ್ಟಿಸಿದರು. ಇಲ್ಲಿ ಕ್ಯಾಮೆರಾ ಅಡಗಬೇಕಿಲ್ಲ, ಚರ್ಚೇ ಅದಕ್ಕೆ ಹೊಂದಿಕೊಂಡಿತು. ತಪ್ಪು ಅಂತ ಹೇಳಲಾರೆ. ಲಕ್ಷಾಂತರ ಜನಕ್ಕೆ ಮುಟ್ಟಿದ್ದು ಆ ದಾರಿಯೇ. ಆದ್ರೆ ಕ್ಯಾಮೆರಾಗಾಗಿ ನಡೆಯುವ ಪ್ರಾರ್ಥನೆಯಲ್ಲಿ, ಯಾರಿಗಾಗಿ ನಡೀತಿದೆ ಅನ್ನೋದು ಯಾವಾಗ ಬದಲಾಗುತ್ತೋ ಗೊತ್ತೇ ಆಗಲ್ಲ.

* * *

ಕೆಲಸದ ಬಗ್ಗೆ ಸ್ವಲ್ಪ ಹೇಳ್ತೀನಿ, ನನಗೆ ಇದು ತುಂಬ ಖುಷಿ ಕೊಟ್ಟ ಭಾಗ. ಲೈವ್ ಅಂದ್ರೆ ನಮ್ಮ ಭಾಷೆಯಲ್ಲಿ ರೋಲ್‌ಬ್ಯಾಕ್ ಇಲ್ಲದ ರಿಲೀಸ್. ಹಾಗಾಗಿ ಎಲ್ಲ ಲೆಕ್ಕಾಚಾರ ಮುಂಚೆಯೇ ಆಗಬೇಕು. ಪುಣ್ಯಕ್ಕೆ ಪೂಜೆಗೆ ಬರೆದಿಟ್ಟ ಕ್ರಮ ಇರುತ್ತೆ. ನಿರ್ದೇಶಕ ಅದನ್ನ ಮುಂದಿಟ್ಟುಕೊಂಡು ಪ್ರತಿ ಹಾಡಿಗೆ, ಪ್ರತಿ ಪ್ರಾರ್ಥನೆಗೆ ಯಾವ ಕ್ಯಾಮೆರಾ ಅಂತ ಗುರುತು ಹಾಕ್ತಾನೆ. ಹೊರಗೆ ವ್ಯಾನಿನಲ್ಲಿ ಕೂತು ಒಳಗಿನವರ ಕಿವಿಗೆ ಮೆಲ್ಲಗೆ ಹೇಳ್ತಾ ಹೋಗ್ತಾನೆ. ಖಾಲಿ ಚರ್ಚಿನಲ್ಲಿ ಚೆನ್ನಾಗಿ ಕಂಡ ಕ್ಯಾಮೆರಾ, ಜನ ಎದ್ದು ನಿಂತ ಕೂಡಲೇ ಬರೀ ತಲೆಗಳನ್ನ ತೋರಿಸುತ್ತೆ. ಪೂಜೆಯಲ್ಲಿ ಜನ ಎಷ್ಟು ಸಲ ಏಳ್ತಾರೆ ಕೂರ್ತಾರೆ ಅನ್ನೋದು ಗೊತ್ತಿಲ್ಲದವನು ಕ್ಯಾಮೆರಾ ಇಡಬಾರದು.

ಕಲ್ಲಿನ ಚರ್ಚಿನಲ್ಲಿ ಧ್ವನಿ ಮಾರ್ದನಿಸಿ ಮಾತೆಲ್ಲ ಕಲಸಿಹೋಗುತ್ತೆ. ಅದಕ್ಕೆ ಓದುವವರ ಬಾಯಿ ಹತ್ತಿರ ಒಂದು ಮೈಕು, ಹಾಡುವವರಿಗೆ ಬೇರೆ, ಆರ್ಗನ್‌ಗೆ ಬೇರೆ. ಆದ್ರೆ ಮಾರ್ದನಿಯನ್ನ ಪೂರ್ತಿ ತೆಗೆದರೂ ಚರ್ಚು ಸ್ಟುಡಿಯೋ ಆಗಿಬಿಡುತ್ತೆ, ಸ್ವಲ್ಪ ಉಳಿಸಬೇಕು. ಇನ್ನೊಂದು, ಇದು ಡಿಜಿಟಲ್ ಕಾಲದ ತಲೆನೋವು: ಚಿತ್ರ ಸಂಸ್ಕರಣೆಯಾಗಿ ಬರೋವಷ್ಟರಲ್ಲಿ ಧ್ವನಿ ಮೊದಲೇ ಬಂದಿರುತ್ತೆ, ಹಾಗಾಗಿ ಧ್ವನಿಯನ್ನ ಬೇಕಂತಲೇ ತಡ ಮಾಡಬೇಕು. ಪರಮಪ್ರಸಾದ ತಗೊಳ್ಳೋರ ಮುಖವನ್ನ ಒಳ್ಳೆಯ ನಿರ್ದೇಶಕರು ಹತ್ತಿರದಿಂದ ತೋರಿಸೋದಿಲ್ಲ. ಆ ಹೊತ್ತಿಗೆ ಮೇಣದಬತ್ತಿ, ಬಣ್ಣದ ಗಾಜಿನ ಕಿಟಕಿ, ಹಾಡುವವರು. ಡಿಮ್ಮಕ್ ಕೊಟ್ಟ ಮಾತಿನ ಸಂತತಿ ಇದು.

* * *

ಹಾಗಾದ್ರೆ ಟಿವಿಯಲ್ಲಿ ನೋಡಿದ್ದು ಪೂಜೆಯಾ? ಈ ಪ್ರಶ್ನೆಗೆ ಹನ್ನೆರಡನೇ ಪಯಸ್ ಪೋಪ್ 1957ರ ತಮ್ಮ ವಿಶ್ವಪತ್ರದಲ್ಲಿ ನೇರವಾಗಿ ಉತ್ತರ ಕೊಟ್ಟಿದ್ದಾರೆ. ಟಿವಿಯಲ್ಲಿ ನೋಡೋದು ಅಲ್ಲಿದ್ದು ಪಾಲ್ಗೊಳ್ಳೋದಕ್ಕೆ ಸಮ ಅಲ್ಲ, ಆದ್ರೂ ಬರಲಾಗದವರಿಗೆ ಅದರಿಂದ ಒಳ್ಳೆಯದಿದೆ ಅಂತ. ಇದೇ ಪೋಪ್ 1958ರಲ್ಲಿ ಅಸ್ಸೀಸಿಯ ಸಂತ ಕ್ಲಾರಾಳನ್ನ ಟೆಲಿವಿಷನ್ನಿನ ಪಾಲಕಿ ಅಂತ ಘೋಷಿಸಿದರು. 1253ರಲ್ಲಿ ತೀರಿಕೊಂಡವಳಿಗೂ ಟಿವಿಗೂ ಏನು ಸಂಬಂಧ? ಕಥೆ ಹೀಗಿದೆ. ಒಂದು ಕ್ರಿಸ್ಮಸ್ ರಾತ್ರಿ ಕ್ಲಾರಾಗೆ ಕಾಯಿಲೆ. ಜೊತೆಯ ಸನ್ಯಾಸಿನಿಯರೆಲ್ಲ ಪೂಜೆಗೆ ಹೋದರು, ಇವಳೊಬ್ಬಳೇ ಹಾಸಿಗೆಯಲ್ಲಿ. ದೂರದ ಚರ್ಚಿನ ಪೂಜೆ ಅವಳಿಗೆ ಇದ್ದಲ್ಲೇ ಕೇಳಿಸಿತಂತೆ, ಕಂಡಿತಂತೆ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನನಗಂತೂ ಇದನ್ನ ಓದುವಾಗ ಕಣ್ಣ ಮುಂದೆ ಬಂದದ್ದು ತೋಟದ ಮನೆಯ ಮಂಚ. ಇಷ್ಟೆಲ್ಲ ವ್ಯಾನು, ಕೇಬಲ್ಲು, ಲೆನ್ಸು, ಜಗಳ ಯಾರಿಗಾಗಿ ಅಂತ ಕೇಳಿದರೆ ಉತ್ತರ ಅಲ್ಲಿದೆ. 2020ರ ಮಾರ್ಚ್ 27ರ ಸಂಜೆ, ಸುರಿಯೋ ಮಳೆಯಲ್ಲಿ ಖಾಲಿ ಸೇಂಟ್ ಪೀಟರ್ಸ್ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬರೇ ಪ್ರಾರ್ಥನೆ ಮಾಡಿದ್ದು ನಿಮಗೂ ನೆನಪಿರಬಹುದು. ಆವತ್ತು ಸ್ವಲ್ಪ ಹೊತ್ತು ಜಗತ್ತೇ ಕ್ಲಾರಾಳ ಹಾಸಿಗೆಯಲ್ಲಿತ್ತು.

ಕಳೆದ ಕ್ರಿಸ್ಮಸ್‌ಗೆ ಮತ್ತೆ ಹೋಗಿದ್ದೆ. ಒಂದು ದಿನ ಮುಂಚೆಯೇ. ವೈರುಗಳನ್ನೆಲ್ಲ ಟೇಪ್ ಹಾಕಿ ಬಿಗಿದು, ಮಿಕ್ಸರನ್ನ ಪಕ್ಕದ ಕೋಣೆಗೆ ಸರಿಸಿ, ಇಡೀ ಪೂಜೆ ಅಲ್ಲೇ ಕೂತೆ. ಬಂದ ಮೇಲೆ ಅಜ್ಜಿ ಪೂಜೆಯ ಬಗ್ಗೆ ಏನೂ ಹೇಳಲಿಲ್ಲ. ಕುಸ್ವಾರ್‌ನ ತಟ್ಟೆ ಮುಂದಿಟ್ಟು ಕೇಳಿದರು:

"ನೀನು ಈ ಸಲ ಇಗರ್ಜಿಗೆ ಹೋಗ್ಲಿಲ್ವಾ ಮಗಾ? ಎಲ್ಲೂ ಕಾಣ್ಲಿಲ್ಲ."