ಗಣಿ ಹೂಳು ಹಳ್ಳವನ್ನು ಹೇಗೆ ಕೊಲ್ಲುತ್ತದೆ? ಕುದುರೆಮುಖ ಕಲಿಸಿದ ಪಾಠ

ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವುದು ಮಲೆನಾಡಿನವರಿಗೆ ಹೊಸದಲ್ಲ. ಆದರೆ ಗಣಿಯಿಂದ ಬರುವ ಹೂಳಿನ ಕಥೆಯೇ ಬೇರೆ. ನೀರು ತಿಳಿಯಾದ ಮೇಲೂ ಅದು ತಳದಲ್ಲಿ ಉಳಿದು ಹಳ್ಳದ ಜೀವ ಹಿಂಡುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಇದಕ್ಕೆ ದೊಡ್ಡ ಉದಾಹರಣೆ.

ನದಿ ಮೂಲದಲ್ಲೇ ಗಣಿ

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಇಲ್ಲಿ ಗಣಿಗಾರಿಕೆ ನಡೆಸಲು 1976ರಲ್ಲಿ ಕೇಂದ್ರ ಸರ್ಕಾರಿ ಸ್ವಾಮ್ಯದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹೀಗಾಗಿ ಅದನ್ನು ನುಣ್ಣಗೆ ಪುಡಿ ಮಾಡಿ, ಕಬ್ಬಿಣವನ್ನು ಬೇರ್ಪಡಿಸಿ, ನೀರಿನೊಂದಿಗೆ ಕೊಳವೆ ಮೂಲಕ ಮಂಗಳೂರಿನ ಪಣಂಬೂರಿಗೆ ಕಳಿಸಲಾಗುತ್ತಿತ್ತು. ಉಳಿದ ಕೆಸರನ್ನು ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನಲ್ಲಿ ತುಂಬಲಾಯಿತು. ಅಲ್ಲಿಗೆ ಒಂದು ಹೊಳೆಯ ಕಣಿವೆಯೇ ತ್ಯಾಜ್ಯದ ಗುಂಡಿಯಾಯಿತು.

ಅಗೆದು ಬಿಟ್ಟ ಗುಡ್ಡಗಳ ಮಣ್ಣು ಭಾರಿ ಮಳೆಗೆ ಕೊಚ್ಚಿಕೊಂಡು ಭದ್ರೆಗೆ ಇಳಿಯುತ್ತಿತ್ತು. ಗಣಿ ಪ್ರದೇಶ ಜಲಾನಯನದ ಸಣ್ಣ ಪಾಲು ಮಾತ್ರ. ಆದರೂ ನದಿಯ ಹೂಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ.

ನೀರಿನೊಳಗೆ ಏನಾಗುತ್ತದೆ?

ಪಾಚಿ: ಕಲಕಿದ ನೀರಿನಲ್ಲಿ ಬಿಸಿಲು ತಳ ಮುಟ್ಟುವುದಿಲ್ಲ. ಕಲ್ಲಿನ ಮೇಲಿನ ಪಾಚಿ ಬೆಳೆಯುವುದಿಲ್ಲ. ಅದನ್ನೇ ನಂಬಿದ ಜೀವಿಗಳಿಗೆ ಆಹಾರ ಸಿಗುವುದಿಲ್ಲ.

ಕೀಟಗಳು: ಮೇಫ್ಲೈ, ಕ್ಯಾಡಿಸ್‌ಫ್ಲೈನಂಥ ಕೀಟಗಳ ಮರಿಗಳು ಕಲ್ಲುಗಳ ಸಂದಿಯಲ್ಲಿ ಬದುಕುತ್ತವೆ. ಹೂಳು ಸಂದಿ ಮುಚ್ಚಿದರೆ ಅವುಗಳಿಗೆ ನೆಲೆಯೇ ಇಲ್ಲ.

ಮೀನು: ಕೀಟ ಕಡಿಮೆಯಾದರೆ ಮೀನಿಗೂ ಮೇವಿಲ್ಲ. ನುಣುಪು ಕಣಗಳು ಕಿವಿರಿಗೆ ಹಾನಿ ಮಾಡುತ್ತವೆ. ಬೆಣಚುಕಲ್ಲುಗಳ ನಡುವೆ ಇಟ್ಟ ಮೊಟ್ಟೆಗಳಿಗೆ ಆಮ್ಲಜನಕ ಸಿಗದೆ ಸಾಯುತ್ತವೆ.

ಬೇಸಿಗೆಯಲ್ಲಿ ನೀರು ಕನ್ನಡಿಯಂತಿದ್ದರೂ ಹಳ್ಳ ಚೆನ್ನಾಗಿದೆ ಎನ್ನಲಾಗದು. ಗುಟ್ಟು ಇರುವುದು ತಳದ ಕಲ್ಲುಗಳ ಕೆಳಗೆ.

ಗಣಿ ನಿಂತ ಮೇಲೆ

2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ 2005ರ ಕೊನೆಗೆ ಇಲ್ಲಿ ಗಣಿಗಾರಿಕೆ ನಿಂತಿತು. ಹೊಸ ಅಗೆತ ಇಲ್ಲವಾದ್ದರಿಂದ ಹಸಿರು ಮರಳಲು ಅವಕಾಶವಾಯಿತು. ಆದರೆ ಲಕ್ಯಾ ಅಣೆಕಟ್ಟಿನ ಹಿಂದಿನ ಕೆಸರು ಎಲ್ಲಿಗೂ ಹೋಗಿಲ್ಲ.

ಭದ್ರೆ ಮುಂದೆ ಲಕ್ಕವಳ್ಳಿಯ ಜಲಾಶಯ ತುಂಬಿಸಿ, ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ. ತುಂಗಭದ್ರೆಯಾಗಿ ಹರಿದು ಕೊನೆಗೆ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಈ ದಾರಿಯ ರೈತರು, ಊರುಗಳು ನಂಬಿರುವುದು ಇದೇ ನೀರನ್ನು. ಗಣಿ ಮುಚ್ಚಿದರೂ ಪ್ರತಿ ಮಳೆಗಾಲ ಆ ಅಣೆಕಟ್ಟನ್ನು ಕಾಯುವ ಹೊಣೆ ಮುಗಿಯುವುದಿಲ್ಲ.