ಡೆಕೊಟೊರ

ಸರಕು ಲಾರಿಯನ್ನು ಸ್ಟೇನ್‌ಲೆಸ್ ಸ್ಟೀಲ್ ತಗಡು, ಸಾಲುಸಾಲು ಬಣ್ಣದ ದೀಪಗಳು ಮತ್ತು ಕೈಯಲ್ಲಿ ಬರೆದ ಚಿತ್ರಗಳಿಂದ ಸಿಂಗರಿಸುವ ಜಪಾನಿ ಚಾಲಕರ ಸಂಪ್ರದಾಯ. ‘ಡೆಕೊರೇಷನ್ ಟ್ರಕ್’ ಎಂಬುದನ್ನು ಜಪಾನೀಯರು ಮೊಟಕುಗೊಳಿಸಿದ ರೂಪ ಇದು. ‘ಆರ್ಟ್ ಟ್ರಕ್’ ಎಂದೂ ಕರೆಯುವುದುಂಟು. ಇದು ಸಿನಿಮಾದಿಂದ ಹುಟ್ಟಿದ ಶೋಕಿ ಎಂಬ ಮಾತು ವ್ಯಾಪಕವಾಗಿದ್ದರೂ ಸರಿಯಲ್ಲ. ಸಿನಿಮಾ ಬರುವ ಹೊತ್ತಿಗೆ ಉತ್ತರದ ಮೀನು ಲಾರಿಗಳು ಆಗಲೇ ಮಿನುಗುತ್ತಿದ್ದವು.

ಹೊನ್ಶು ದ್ವೀಪದ ಈಶಾನ್ಯ ಭಾಗವಾದ ತೊಹೊಕುವನ್ನು ಇದರ ತವರೆಂದು ಹೇಳಲಾಗುತ್ತದೆ. ಅಯೊಮೊರಿ ಪ್ರಾಂತದ ಹಚಿನೊಹೆ ಬಂದರಿನ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಇಂಥ ಬಂದರುಗಳಲ್ಲಿ ಸಂಜೆ ಮೀನು ತುಂಬಿಕೊಂಡ ಲಾರಿಗಳು ರಾತ್ರಿಯಿಡೀ ಓಡಿ ಟೋಕಿಯೋದ ತ್ಸುಕಿಜಿ ಮಾರುಕಟ್ಟೆ ಸೇರಬೇಕಿತ್ತು. ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು, ಕಡಲ ಗಾಳಿ, ಚಳಿಗಾಲದ ಹಿಮದ ಕೆಸರು ಸೇರಿ ಬಾಡಿಯನ್ನು ಬೇಗನೆ ತುಕ್ಕು ಹಿಡಿಸುತ್ತಿದ್ದವು. ಕೊಳೆತ ಜಾಗಕ್ಕೆ ಚಾಲಕರು ಸ್ಟೇನ್‌ಲೆಸ್ ತಗಡು ಹೊಡೆಸಿದರು, ಗುಜರಿಯಲ್ಲಿ ಸಿಕ್ಕ ಬಸ್ಸಿನ ದೀಪಗಳನ್ನು ತಂದು ಕೂರಿಸಿದರು. ಕತ್ತಲ ಹೆದ್ದಾರಿಯಲ್ಲಿ ಆ ದೀಪಗಳು ಸಹಚಾಲಕರಿಗೆ ಗುರುತೂ ಆದವು. ಹೀಗೆ 1960ರ ದಶಕದ ಕೊನೆಯ ಹೊತ್ತಿಗೆ ರಿಪೇರಿ ಎಲ್ಲಿ ಮುಗಿಯಿತು, ಅಲಂಕಾರ ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸಿ ಹೇಳುವುದು ಕಷ್ಟವಾಗಿತ್ತು. ಕಡಲಿನ ನಂಟು ಹೆಸರುಗಳಲ್ಲೂ ಉಳಿದಿದೆ: ದೋಣಿಗಳಿಗೆ ಇಡುವಂತೆ ‘ಮಾರು’ ಎಂದು ಕೊನೆಯಾಗುವ ಹೆಸರುಗಳು ಲಾರಿಗಳಿಗೂ ಇವೆ, ಕೆಲವು ಚಾಲಕರ ಕೂಟಗಳು ತಮ್ಮನ್ನು ‘ಹಡಗುಪಡೆ’ ಎಂದೇ ಕರೆದುಕೊಳ್ಳುತ್ತವೆ.

ಇನ್ನೊಂದು ಕಾರಣ ಒಡೆತನ. ಕಂಪನಿಯ ಲಾರಿಗೆ ಯಾರೂ ಸ್ವಂತ ದುಡ್ಡು ಸುರಿಯುವುದಿಲ್ಲ. ಹೆದ್ದಾರಿಗಳು ಹಬ್ಬುತ್ತಿದ್ದ ಆ ಕಾಲದಲ್ಲಿ ಸಾಲ ಮಾಡಿ ತಾವೇ ಲಾರಿ ಕೊಂಡು ಬಾಡಿಗೆಗೆ ಓಡಿಸುವವರು ಸಾಕಷ್ಟಿದ್ದರು. ವಾರದ ಬಹುಪಾಲು ರಾತ್ರಿ ಮಲಗುವುದು ಕ್ಯಾಬಿನ್ನಿನಲ್ಲೇ ಆದ್ದರಿಂದ ಒಳಗೆ ಮಖಮಲ್ಲಿನ ಹೊದಿಕೆ, ತೂಗುದೀಪಗಳು ಬಂದವು.

1975ರ ಆಗಸ್ಟ್‌ನಲ್ಲಿ ತೋಯಿ ಸಂಸ್ಥೆಯ ‘ತೊರಕ್ಕು ಯಾರೊ’ ತೆರೆಕಂಡಿತು. ನಿರ್ದೇಶಕ ನೊರಿಫುಮಿ ಸುಜುಕಿ. ಅಲಂಕೃತ ಲಾರಿಗಳ ಕುರಿತ ಟಿವಿ ಕಾರ್ಯಕ್ರಮ ನೋಡಿ ಇದರ ಕಲ್ಪನೆ ಕೊಟ್ಟವರು ನಟ ಕಿನ್ಯಾ ಐಕಾವಾ. ಭೂಗತ ಲೋಕದ ಚಿತ್ರಗಳಿಂದ ಹೆಸರಾಗಿದ್ದ ಬುಂತಾ ಸುಗಾವಾರಾ ‘ಇಚಿಬಾನ್‌ಬೊಶಿ’ ಎಂಬ ಲಾರಿಯ ಚಾಲಕ ಮೊಮೊಜಿರೊ ಆದರು. ಹಿಂಡುಮಕ್ಕಳ ತಂದೆಯಾದ ಅವನ ಗೆಳೆಯ ‘ಜೊನಾಥನ್’ ಪಾತ್ರದಲ್ಲಿ ಐಕಾವಾ ನಟಿಸಿದರು. ಕಥೆ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ: ನಾಯಕ ಒಬ್ಬಳಿಗೆ ಮನಸೋಲುತ್ತಾನೆ, ಹೊಡೆದಾಡುತ್ತಾನೆ, ಹುಡುಗಿಯನ್ನು ಕಳೆದುಕೊಳ್ಳುತ್ತಾನೆ, ಕೊನೆಗೆ ಯಾರದೋ ಕಷ್ಟಕ್ಕಾಗಿ ಲಾರಿಯನ್ನು ಜಜ್ಜಿಹೋಗುವಂತೆ ಓಡಿಸುತ್ತಾನೆ. ಪ್ರೇಕ್ಷಕರು ಇದಕ್ಕೆ ಬೇಸರಪಡಲಿಲ್ಲ. 1979ರವರೆಗೆ ಹತ್ತು ಚಿತ್ರಗಳು ಬಂದವು. ಬೇಸಿಗೆಯ ಒಬೊನ್ ಹಬ್ಬ ಮತ್ತು ಹೊಸವರ್ಷದ ಹೊತ್ತಿಗೆ ಬಿಡುಗಡೆಯಾಗಿ, ಶೊಚಿಕು ಸಂಸ್ಥೆಯ ಜನಪ್ರಿಯ ‘ತೊರಾ-ಸಾನ್’ ಮಾಲಿಕೆಗೆ ಎದುರಾಳಿಯಾದವು. ಚಿತ್ರೀಕರಣಕ್ಕೆ ತಮ್ಮ ಲಾರಿಗಳನ್ನು ಕೊಟ್ಟು ನೆರವಾದ ಚಾಲಕರಲ್ಲಿ ‘ಉತಮಾರೊ-ಕೈ’ ಸಂಘದವರು ಪ್ರಮುಖರು. ಕ್ಯೂಶುವಿನಿಂದ ಹೊಕ್ಕೈಡೊವರೆಗಿನ ಚಾಲಕರು ತಮ್ಮ ಲಾರಿಗಳಿಗೂ ಸಿಂಗಾರ ಮಾಡಿಸತೊಡಗಿದ್ದು ಈ ಚಿತ್ರಗಳ ನಂತರವೇ.

ಮುಂದಿನ ವರ್ಷಗಳಲ್ಲಿ ಕಸುಬು ಬೆಳೆಯಿತು. ಕ್ಯಾಬಿನ್ನಿನ ನೆತ್ತಿಯಿಂದ ಮುಂದಕ್ಕೆ ಚಾಚುವ ವೈಸರ್, ನೆಲ ಮುಟ್ಟುವಷ್ಟು ಇಳಿಬಿಟ್ಟ ಬಂಪರ್, ಲಾರಿಯ ಹೆಸರು ಬರೆದು ಒಳಗಿನಿಂದ ಬೆಳಗಿಸುವ ‘ಆಂದೊನ್’ ಫಲಕ ಇವೆಲ್ಲ ರೂಢಿಗೆ ಬಂದವು. ಇವಕ್ಕೆಂದೇ ತಗಡು ಬಗ್ಗಿಸುವ ಕಾರ್ಖಾನೆಗಳು, ಏರ್‌ಬ್ರಷ್ ಚಿತ್ರಕಾರರು ಹುಟ್ಟಿಕೊಂಡರು. ಸರಕುಪೆಟ್ಟಿಗೆಯ ಬದಿಗಳ ಮೇಲೆ ಉಕಿಯೊ-ಎ ಶೈಲಿಯ ಅಲೆಗಳು, ಡ್ರ್ಯಾಗನ್, ಕರುಣೆಯ ದೇವತೆ ಕನ್ನೊನ್, ಕಬುಕಿ ವೇಷಗಳು, ಗಾಯಕಿಯರ ಮುಖಗಳು ಮೂಡಿದವು. ಟೋಕಿಯೋ ಸುತ್ತಲಿನ ಕಾಂತೊ ಭಾಗದವರು ದೀಪ ಮತ್ತು ತಗಡನ್ನು ಹೇರಿಸಿದರೆ, ಪಶ್ಚಿಮದ ಕಾನ್ಸಾಯ್ ಭಾಗದವರು ಚೂಪುಗೆರೆಯ ಬಣ್ಣದ ವಿನ್ಯಾಸವನ್ನು ಮೆಚ್ಚಿದರು. ಪೂರ್ತಿ ಸಿಂಗಾರದ ಖರ್ಚು ಒಂದು ಕೋಟಿ ಯೆನ್ ದಾಟುವುದೂ ಉಂಟು. 1980ರ ದಶಕದಲ್ಲಿ ‘ಕಮಿಯೊನ್’ ಪತ್ರಿಕೆ ಶುರುವಾಯಿತು. ಅಯೊಶಿಮಾ ಕಂಪನಿಯ ಪ್ಲಾಸ್ಟಿಕ್ ಮಾದರಿಗಳು ಮತ್ತು 1998ರ ‘ಬಕುಸೊ ಡೆಕೊಟೊರ ದೆನ್ಸೆತ್ಸು’ ಎಂಬ ಪ್ಲೇಸ್ಟೇಷನ್ ಆಟ ಲಾರಿ ಹತ್ತದವರನ್ನೂ ಸೆಳೆದವು.

ಇಳಿಕೆಗೆ ಕಾರಣ ಅಭಿರುಚಿಯಲ್ಲ, ಕೆಲಸದ ಬದಲಾವಣೆ. ಸಾಗಣೆ ದೊಡ್ಡ ಕಂಪನಿಗಳ ಕೈಗೆ ಹೋದಂತೆ ಮಿಂಚುವ ಲಾರಿಗಳನ್ನು ಆವರಣದೊಳಗೆ ಬಿಡಲು ಹಿಂಜರಿಯುವ ಗಿರಾಕಿಗಳು ಹೆಚ್ಚಿದರು. ದೀಪದ ಬಣ್ಣ, ಚಾಚಿಕೊಂಡ ಭಾಗಗಳ ಮೇಲೆ ತಪಾಸಣೆ ಬಿಗಿಯಾಯಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಹೊಗೆಯ ಕಾನೂನಿನದು: 2003ರ ಅಕ್ಟೋಬರ್‌ನಿಂದ ಮಿತಿ ಮೀರಿ ಹೊಗೆಯುಗುಳುವ ಹಳೆಯ ಡೀಸೆಲ್ ಲಾರಿಗಳು ಟೋಕಿಯೋದಲ್ಲಿ ಓಡುವುದಕ್ಕೆ ನಿಷೇಧ ಬಂತು. ವರ್ಷಗಟ್ಟಲೆ ದುಡ್ಡು ಸುರಿದು ಸಿಂಗರಿಸಿದ ಲಾರಿಯನ್ನು ಬಿಟ್ಟು ಹೊಸದು ಕೊಳ್ಳುವುದು ಸಣ್ಣ ಮಾಲೀಕರಿಗೆ ಸುಲಭವಿರಲಿಲ್ಲ.

ಈಗ ಹಲವು ಲಾರಿಗಳು ದುಡಿಮೆ ಬಿಟ್ಟು ಪ್ರದರ್ಶನಕ್ಕೆ ನಿಂತಿವೆ. ಸಂಘಗಳ ಕೂಟಗಳಲ್ಲಿ ಕತ್ತಲಾದ ಮೇಲೆ ದೀಪ ಹಚ್ಚುವುದೇ ಮುಖ್ಯ ಕಾರ್ಯಕ್ರಮ. ಸಂಗ್ರಹವಾದ ಹಣವನ್ನು ದಾನಕ್ಕೆ ಕೊಡುವುದು ವಾಡಿಕೆ. 2011ರ ಭೂಕಂಪ, ಸುನಾಮಿಯ ಬಳಿಕ ಉತಮಾರೊ-ಕೈ ತೊಹೊಕುವಿಗೆ ಪರಿಹಾರ ಸಾಮಗ್ರಿ ಸಾಗಿಸಿತು. ಹೊರಜಗತ್ತಿಗೆ ಈ ಚಾಲಕರ ಬದುಕನ್ನು ಗಂಭೀರವಾಗಿ ತೋರಿಸಿದ್ದು ಛಾಯಾಗ್ರಾಹಕ ಮಸಾರು ತಾತ್ಸುಕಿ ಅವರ 2007ರ ‘ಡೆಕೊಟೊರ’ ಪುಸ್ತಕ. ಸುಜುಕಿ ಮತ್ತು ಸುಗಾವಾರಾ 2014ರಲ್ಲಿ, ಐಕಾವಾ 2015ರಲ್ಲಿ ತೀರಿಕೊಂಡರು. ಮೂಲ ‘ಇಚಿಬಾನ್‌ಬೊಶಿ’ ಲಾರಿ ಉತಮಾರೊ-ಕೈ ಅಧ್ಯಕ್ಷರ ಕೈಸೇರಿ, ದುರಸ್ತಿಯಾಗಿ, ಕೂಟಗಳಲ್ಲಿ ಪ್ರದರ್ಶನಗೊಳ್ಳುತ್ತಿದೆ.